ನಾನು ಅನ್ನೋದು ಎಲ್ಲಿ ಕೂತಿದೆ?

ಹೋದ ತಿಂಗಳು ನಿದ್ದೆ ಬಾರದ ಓದುಗರೊಬ್ಬರಿಗೆ ಉತ್ತರ ಬರೆಯುವಾಗ "ಯೋಚನೆ ನಿಮ್ಮ ತಲೆಯಲ್ಲಿ ಬರುತ್ತೆ ನಿಜ, ಹಾಗಂತ ಆ ಯೋಚನೆಯೇ ನೀವಲ್ಲ" ಅಂತ ಒಂದು ಮಾತು ಸೇರಿಸಿದ್ದೆ. ಅದೊಂದೇ ಮಾತು ಹಿಡಿದುಕೊಂಡು ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಪತ್ರಗಳ ರಾಶಿಯೇ ಬಂದಿದೆ. ಒಬ್ಬರಿಗೆ ನಿದ್ದೆ ಬರಿಸಲು ಹೋಗಿ ಊರಿನವರ ನಿದ್ದೆ ಕೆಡಿಸಿದ ಹಾಗಾಯಿತು. ಈ ಸಲ ಪೂರ್ತಿ ಜಾಗ ಅವರಿಗೇ.

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಬೆಳಗ್ಗೆ ಅಂತರಗಂಗೆ ಮೆಟ್ಟಿಲು ಹತ್ತಿ, ಬಸವನ ಬಾಯಿಂದ ಬೀಳುವ ನೀರು ಕುಡಿದು, ಅಲ್ಲೇ ಕೂತು ವಾದ ಮಾಡುತ್ತೇವೆ. "ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ" ಅಂದ ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ ಸರಿ ಅನ್ನುವುದು ನನ್ನ ವಾದ. ಯೋಚನೆ ನಿಂತ ಮೇಲೇ ನಿಜವಾದ ನಾನು ಸಿಗೋದು ಅಂತ ನನ್ನ ಗೆಳೆಯ ಪಟ್ಟು ಹಿಡಿದಿದ್ದಾನೆ. ತೀರ್ಪು ಕೊಡಿ.
– ನಿವೃತ್ತ ಶಿಕ್ಷಕ, ಕೋಲಾರ

ಉತ್ತರ: ಮೇಷ್ಟ್ರೇ, ಜಗಳದಲ್ಲಿ ಅರ್ಧ ಇಲ್ಲೇ ಮುಗಿಯುತ್ತೆ ನೋಡಿ. ಡೆಕಾರ್ಟ್ ಆ ಮಾತು ಅಚ್ಚು ಹಾಕಿಸಿದ್ದು 1637ರಲ್ಲಿ. ಕಣ್ಣು ಕಿವಿ ಮೋಸ ಮಾಡಬಹುದು, ಈ ದೇಹವೇ ಕನಸಾಗಿರಬಹುದು, ಎರಡಕ್ಕೆ ಮೂರು ಕೂಡಿದರೆ ಐದು ಅನ್ನುವುದನ್ನೂ ಯಾವುದೋ ದುಷ್ಟಶಕ್ತಿ ನನ್ನ ತಲೆಗೆ ತುಂಬಿರಬಹುದು ಅಂತ ಒಂದೊಂದನ್ನೇ ಅನುಮಾನಿಸುತ್ತಾ ಹೋದ. ಕೊನೆಗೆ ಉಳಿದದ್ದು ಅನುಮಾನವೇ. ಅನುಮಾನ ಪಡುತ್ತಿದ್ದೇನೆ ಅನ್ನುವುದನ್ನು ಅನುಮಾನಿಸಲು ಆಗಲ್ಲ. ಆದರೆ ಅವನ 'ಯೋಚನೆ' ಅಂದರೆ ಬರೀ ಲೆಕ್ಕ, ತರ್ಕ ಅಲ್ಲ. ಬೇಕು ಬೇಡ ಅನ್ನಿಸುವುದು, ಕಲ್ಪಿಸಿಕೊಳ್ಳುವುದು, ಬಿಸಿ ತಟ್ಟಿದ ಹಾಗೆ ಅನ್ನಿಸುವುದು, ಎಲ್ಲವನ್ನೂ ಆ ಒಂದೇ ಬುಟ್ಟಿಗೆ ಹಾಕಿದ್ದ. ನಾವು ಅರಿವು ಅನ್ನುವುದಕ್ಕೆ ಅದು ತುಂಬಾ ಹತ್ತಿರ. ಅಲ್ಲಿಗೆ ನೀವೂ ನಿಮ್ಮ ಗೆಳೆಯರೂ ಅಷ್ಟೇನೂ ದೂರ ಇಲ್ಲ.

ಉಳಿದ ಅರ್ಧ ಕಷ್ಟದ್ದು. ಯೋಚನೆ ನಡೀತಾ ಇದೆ, ಸರಿ. ಅದಕ್ಕೊಬ್ಬ ಮಾಲೀಕ ಇದ್ದಾನೆ ಅಂತ ಹೇಗೆ ಗೊತ್ತಾಯಿತು? ಸುಮಾರು ನೂರು ವರ್ಷ ಆದಮೇಲೆ, 1739ರಲ್ಲಿ, ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಇದನ್ನೇ ಕೇಳಿದ. ಒಳಗೆ ಎಷ್ಟು ಹುಡುಕಿದರೂ ಒಂದು ಸೆಕೆ, ಒಂದು ಚಳಿ, ಒಂದು ಪ್ರೀತಿ, ಒಂದು ಸಿಟ್ಟು ಇಷ್ಟೇ ಕೈಗೆ ಸಿಗುತ್ತೆ, ಇವುಗಳನ್ನೆಲ್ಲ ಅನುಭವಿಸುವ 'ನಾನು' ಅನ್ನುವವನು ಮಾತ್ರ ಬೇರೆಯಾಗಿ ಸಿಕ್ಕುವುದೇ ಇಲ್ಲ ಅಂದ. ಬುದ್ಧ ಇದಕ್ಕೆ ಹತ್ತಿರದ ಮಾತನ್ನು ಎರಡು ಸಾವಿರ ವರ್ಷಕ್ಕೂ ಮುಂಚೆಯೇ ಹೇಳಿದ್ದ.

ನಿಮ್ಮ ಗೆಳೆಯರ ಕಡೆಯೂ ಒಂದು ಪ್ರಶ್ನೆ ಉಳಿದಿದೆ, ನಾಳೆ ಬೆಳಗ್ಗೆ ಕೇಳಿ. ಕನಸಿಲ್ಲದ ಗಾಢ ನಿದ್ದೆಯಿಂದ ಎದ್ದು "ಸೊಗಸಾಗಿ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ" ಅನ್ನುತ್ತೇವಲ್ಲ, ಏನೂ ಗೊತ್ತಾಗಲಿಲ್ಲ ಅಂತ ಯಾರಿಗೆ ಗೊತ್ತಾಯಿತು? ಯೋಚನೆ ಇಲ್ಲದಾಗಲೂ ಅರಿವು ಇತ್ತು, ಎದ್ದ ಮೇಲೆ ಅದನ್ನು ನೆನಪು ಮಾಡಿಕೊಳ್ಳುತ್ತೇವೆ ಅನ್ನುತ್ತಾರೆ ಅದ್ವೈತಿಗಳು. ನ್ಯಾಯದರ್ಶನದವರು, ಅಂದರೆ ನೈಯಾಯಿಕರು, ಒಪ್ಪಲ್ಲ. ಅದು ನೆನಪಲ್ಲ, ಮೈ ಹಗುರಾಗಿರುವುದು ನೋಡಿ ಎದ್ದಮೇಲೆ ಹಾಕಿದ ಲೆಕ್ಕ ಅನ್ನುತ್ತಾರೆ. ನನಗೆ ನೈಯಾಯಿಕರ ಮಾತೇ ಹೆಚ್ಚು ಸರಿ ಕಾಣುತ್ತೆ. ಆದರೆ ಅಂತರಗಂಗೆ ಮೆಟ್ಟಿಲ ಮೇಲೆ ನಾನು ಇಲ್ಲ, ಗೆಲ್ಲುವುದು ಬಿಡುವುದು ನಿಮಗೆ ಬಿಟ್ಟದ್ದು.

ಪ್ರಶ್ನೆ: ನಮ್ಮದು ರೇಷ್ಮೆ ಹುಳು ಸಾಕಣೆ. ಹುಳು ಹಣ್ಣಾದ ರಾತ್ರಿ ಮನೆಯವರೆಲ್ಲ ಕೂತು ಆಯುತ್ತೇವೆ. ಒಂದೇ ಸಮನೆ ಆಯುತ್ತಾ, ಹುಳು ಗೂಡು ಕಟ್ಟುವ ಚಂದ್ರಿಕೆಗೆ ಬಿಡುತ್ತಾ ಇದ್ದರೆ ಬೆಳಗಾದದ್ದೇ ತಿಳಿಯಲ್ಲ. ಆ ಹೊತ್ತಲ್ಲಿ ಸಾಲ ನೆನಪಿರಲ್ಲ, ನೋವು ನೆನಪಿರಲ್ಲ, ನಾನು ಅನ್ನೋದೇ ಇರಲ್ಲ. ಅಷ್ಟೂ ಹೊತ್ತು ನಾನು ಎಲ್ಲಿಗೆ ಹೋಗಿದ್ದೆ?
– ಗೃಹಿಣಿ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ತಾಯಿ, ಬಂದ ಪತ್ರಗಳಲ್ಲೆಲ್ಲ ನನಗೆ ಜಾಸ್ತಿ ಹಿಡಿಸಿದ್ದು ನಿಮ್ಮದು. ದೊಡ್ಡ ದೊಡ್ಡ ಪಂಡಿತರು ಕಲಸಿಹಾಕುವ ಮೂರು ವಿಷಯ ನಿಮ್ಮ ಹುಳುಮನೆಯಲ್ಲಿ ತಾವಾಗಿಯೇ ಬೇರೆ ಬೇರೆ ಆಗಿವೆ. ಯೋಚನೆ, ಅರಿವು, ನಾನು.

ಆ ರಾತ್ರಿ ನೀವು ಮಾಡುವುದೇನು ಅಂತ ಒಂದು ಸಲ ನೋಡಿ. ತಟ್ಟೆಯಲ್ಲಿ ಸಾವಿರಾರು ಹುಳು. ಕೆಲವು ಇನ್ನೂ ಸೊಪ್ಪು ತಿನ್ನುತ್ತಿವೆ. ಕೆಲವು ತಿನ್ನುವುದು ಬಿಟ್ಟು, ಮೈ ಸ್ವಲ್ಪ ಕುಗ್ಗಿ, ಬೆಳಕು ಹಾಯುವ ಹಾಗೆ ಹಳದಿ ತಿರುಗಿ, ತಲೆ ಎತ್ತಿ ಆಡಿಸುತ್ತಿವೆ. ಹಣ್ಣಾದದ್ದು ಯಾವುದು, ಆಗದ್ದು ಯಾವುದು ಅಂತ ಬೆರಳು ಹುಳುವಿನ ಹತ್ತಿರ ಹೋಗುವಷ್ಟರಲ್ಲಿ ತೀರ್ಮಾನ ಆಗಿರಬೇಕು. ಗಟ್ಟಿ ಹಿಡಿದರೆ ಹುಳು ಹಾಳು. ಅರಿವು ಇಲ್ಲದವರು ಮಾಡುವ ಕೆಲಸವೇ ಅಲ್ಲ ಇದು. ಬೇರೆ ಯಾವ ಹೊತ್ತಿಗಿಂತ ಆಗಲೇ ನಿಮ್ಮ ಅರಿವು ಚುರುಕಾಗಿರುತ್ತೆ. ಇಲ್ಲದೇ ಇದ್ದದ್ದು ತಲೆಯೊಳಗಿನ ಮಾತು. ಅದರ ಜೊತೆಗೇ 'ನಾನು, ನನ್ನ ಸಾಲ, ನನ್ನ ಸೊಂಟ' ಅನ್ನುವುದೂ ಹೋಯಿತು. ಎರಡೂ ಒಟ್ಟಿಗೇ ಯಾಕೆ ಹೋದವು ಅನ್ನುವುದೇ ಇಲ್ಲಿ ನೋಡಬೇಕಾದ ವಿಷಯ.

ಮಿದುಳಿನ ಫೋಟೋ ತೆಗೆಯುವವರು ಇದರ ಹತ್ತಿರಕ್ಕೆ ಬಂದದ್ದು ತೀರಾ ಈಚೆಗೆ. ಸ್ಕ್ಯಾನಿಂಗ್ ಮೆಷಿನ್ನಿನಲ್ಲಿ ಮಲಗಿದವರಿಗೆ ಏನಾದರೂ ಕೆಲಸ ಕೊಟ್ಟು, ಆಗ ಮಿದುಳಿನ ಯಾವ ಜಾಗ ಚುರುಕಾಗುತ್ತೆ ಅಂತ ನೋಡುವುದು ವಾಡಿಕೆ. ಅಮೆರಿಕದ ಮಾರ್ಕಸ್ ರೈಕಲ್ ಮತ್ತು ಜೊತೆಗಾರರು ಉಲ್ಟಾ ನೋಡಿದರು. ಕೆಲಸ ಕೊಟ್ಟಾಗ ತಣ್ಣಗಾಗಿ, ಸುಮ್ನೆ ಮಲಗಿದ್ದಾಗ ಚುರುಕಾಗುವ ಕೆಲವು ಜಾಗಗಳು ಸಿಕ್ಕವು. 2001ರಲ್ಲಿ ಅದನ್ನು ಬರೆದರು. ಆಮೇಲೆ ಬೇರೆಯವರೂ ನೋಡಿದಾಗ ತಿಳಿದದ್ದು ಏನೆಂದರೆ, ಹಳೆಯದನ್ನು ನೆನೆಯುವುದು, ನಾಳೆಯದನ್ನು ಯೋಚಿಸುವುದು, ಬೇರೆಯವರು ನನ್ನ ಬಗ್ಗೆ ಏನಂದುಕೊಂಡರೋ ಅಂತ ಲೆಕ್ಕ ಹಾಕುವುದು, ಇದೆಲ್ಲ ನಡೆಯುವಾಗ ಚುರುಕಾಗುವುದೂ ಹೆಚ್ಚುಕಮ್ಮಿ ಅದೇ ಜಾಗಗಳು. ಮಿದುಳು ನಮ್ಮ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ, ಆದರೆ ದೇಹದ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತರಷ್ಟು ಅದಕ್ಕೇ ಖರ್ಚು. ನೀವು ಸುಮ್ಮನೆ ಕೂತರೂ ಆ ಖರ್ಚು ಇಳಿಯುವುದು ತೀರಾ ಸ್ವಲ್ಪ. ಕೈಗೂ ಕಣ್ಣಿಗೂ ಕೆಲಸ ಇಲ್ಲದಾಗ ಮಿದುಳು ಮಾಡುವ ಕೆಲಸಗಳಲ್ಲಿ ಒಂದು ಈ 'ನಾನು' ಅನ್ನುವುದನ್ನು ಹೊಸೆಯುತ್ತಾ ಇರುವುದು.

ಹಾಗಾಗಿ ನೀವು ಎಲ್ಲಿಗೂ ಹೋಗಿರಲಿಲ್ಲ. 'ನಾನು' ಅನ್ನುವುದು ಒಳಗೆ ಕೂತಿರುವ ವಸ್ತುವಾಗಿದ್ದರೆ ಎಲ್ಲಿಗೆ ಹೋಯಿತು ಅಂತ ಕೇಳಬಹುದಿತ್ತು. ನನಗೆ ಅದು ನಡೆಯುತ್ತಿರುವ ಒಂದು ಕೆಲಸದ ಹಾಗೆ ಕಾಣುತ್ತೆ. ಆ ರಾತ್ರಿ ಅದು ನಡೆಯಲಿಲ್ಲ, ಅಷ್ಟೇ. ಪೂರ್ತಿ ನಿಂತಿತು ಅಂತಲೂ ಹೇಳಲ್ಲ. ಆಯುತ್ತಿರುವ ಕೈ ನನ್ನದು, ಪಕ್ಕದಲ್ಲಿ ಕೂತ ಅತ್ತೆಯ ಕೈ ನನ್ನದಲ್ಲ ಅನ್ನುವುದು ಮೈಗೆ ಗೊತ್ತೇ ಇತ್ತು. ಆ ತಳದ 'ನಾನು' ಮಾತಾಡಲ್ಲ, ಅದಕ್ಕೇ ಗಮನಕ್ಕೆ ಬರಲ್ಲ.

ಇದರ ಉಲ್ಟಾನೂ ಇದೆ, ಮುಂದಿನ ಪತ್ರ ನೋಡಿ. ಅಂದ ಹಾಗೆ, ತಲೆಯೊಳಗಿನ ಆ ಮಾತು ಪೂರ್ತಿ ನಿಂತು ಹೋಗಲಿ ಅಂತ ಬೇಡಿಕೊಳ್ಳಬೇಡಿ. ಗೂಡಿನ ರೇಟು, ಸಾಲದ ಕಂತು, ಮುಂದಿನ ಬೆಳೆಗೆ ಸೊಪ್ಪು ಸಾಲುತ್ತದಾ ಅನ್ನುವುದು, ಇದನ್ನೆಲ್ಲ ನೋಡಿಕೊಳ್ಳುವುದು ಅದೇ.

ಪ್ರಶ್ನೆ: ದಿನಾ ಬಂಗಾರಪೇಟೆಯಿಂದ ಬೆಂಗಳೂರಿಗೆ ಟ್ರೈನಿನಲ್ಲಿ ಓಡಾಡುತ್ತೇನೆ. ತಲೆಯೊಳಗೆ ಮಾತು ನಿಲ್ಲುವುದೇ ಇಲ್ಲ. ಮೀಟಿಂಗಿನಲ್ಲಿ ಹಾಗೆ ಹೇಳಬಾರದಿತ್ತು, ನಿನ್ನ ಕೈಲಿ ಆಗಲ್ಲ, ಎಲ್ಲರೂ ನಗುತ್ತಾರೆ. ಟೇಕಲ್, ಮಾಲೂರು ದಾಟಿದ್ದೇ ಗೊತ್ತಾಗಲ್ಲ, ವೈಟ್‌ಫೀಲ್ಡಲ್ಲಿ ಜನ ತಳ್ಳಿದಾಗ ಎಚ್ಚರ. ಇಷ್ಟೊಂದು ಬೈಯುವ ಆ ದನಿ ನಾನೇನಾ?
– ಸಾಫ್ಟ್‌ವೇರ್ ಉದ್ಯೋಗಿ, 27, ಬಂಗಾರಪೇಟೆ

ಉತ್ತರ: ತಮ್ಮಾ, ದನಿ ನಿಮ್ಮ ಮಿದುಳಿನದೇ, ಆದರೆ ನಿಮ್ಮ ಪರವಾಗಿ ಮಾತಾಡುವ ಅಧಿಕಾರ ಅದಕ್ಕೆ ಯಾರು ಕೊಟ್ಟರು ಅನ್ನುವುದು ಪ್ರಶ್ನೆ. ಒಂದು ಪ್ರಯೋಗ ಹೇಳುತ್ತೇನೆ.

ಮೂರ್ಛೆರೋಗ ಯಾವ ಔಷಧಿಗೂ ಬಗ್ಗದಿದ್ದಾಗ, ಮಿದುಳಿನ ಎಡ ಬಲ ಅರ್ಧಗಳನ್ನು ಸೇರಿಸುವ ನರಗಳ ಕಟ್ಟನ್ನು ಕತ್ತರಿಸುವ ಆಪರೇಷನ್ ಒಂದಿತ್ತು. ಆಮೇಲೆ ಎಡಗಡೆಗೆ ಗೊತ್ತಾದದ್ದು ಬಲಗಡೆಗೆ ಗೊತ್ತಾಗಲ್ಲ. ಮಾತಾಡುವುದು ಹೆಚ್ಚಿನವರಲ್ಲಿ ಎಡ ಅರ್ಧ. ಇಂಥವರನ್ನು ಪರೀಕ್ಷಿಸಿದ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು. ಅವರ ಶಿಷ್ಯ ಮೈಕಲ್ ಗಜಾನಿಗ ಇಂಥ ಒಬ್ಬ ಹುಡುಗನ ಎಡ ಮಿದುಳಿಗೆ ಮಾತ್ರ ಕೋಳಿಕಾಲಿನ ಚಿತ್ರ, ಬಲ ಮಿದುಳಿಗೆ ಮಾತ್ರ ಹಿಮ ಬಿದ್ದ ಮನೆಯ ಚಿತ್ರ ಕಾಣುವ ಹಾಗೆ ಮಾಡಿದರು. ಮುಂದೆ ಇಟ್ಟಿದ್ದ ಚಿತ್ರಗಳಲ್ಲಿ ಹೊಂದುವುದನ್ನು ತೋರಿಸು ಅಂದಾಗ ಎಡ ಮಿದುಳು ನಡೆಸುವ ಅವನ ಬಲಗೈ ಕೋಳಿಯನ್ನು ತೋರಿಸಿತು, ಬಲ ಮಿದುಳು ನಡೆಸುವ ಎಡಗೈ ಸಲಿಕೆಯನ್ನು. ಹಿಮ ಎತ್ತಿಹಾಕಲು ಸಲಿಕೆ, ಸರಿಯಾಗೇ ಇದೆ. ಆದರೆ ಸಲಿಕೆ ಯಾಕೆ ಅಂತ ಕೇಳಿದಾಗ ಉತ್ತರ ಕೊಡಬೇಕಾದ ಎಡ ಮಿದುಳು ಹಿಮವನ್ನು ನೋಡಿಯೇ ಇಲ್ಲ. ನನಗೆ ಗೊತ್ತಿಲ್ಲ ಅಂದಿತಾ? ಇಲ್ಲ. ಒಂದು ಕ್ಷಣವೂ ತಡವರಿಸದೆ, ಕೋಳಿಕಾಲಿಗೆ ಕೋಳಿ, ಕೋಳಿಗೂಡು ಚೊಕ್ಕಟ ಮಾಡಲು ಸಲಿಕೆ ಬೇಕಲ್ಲ ಅಂದ ಹುಡುಗ. ಸುಳ್ಳು ಹೇಳುತ್ತಿದ್ದೇನೆ ಅಂತ ಅವನಿಗೆ ಅನ್ನಿಸಲೇ ಇಲ್ಲ.

ಗಜಾನಿಗ ಹೇಳುವುದು, ಇಂಥ ಅರ್ಥ ಹಚ್ಚುವವನು ಎಲ್ಲರ ತಲೆಯಲ್ಲೂ ಇದ್ದಾನೆ ಅಂತ. ಊರಲ್ಲಿ ಗಲಾಟೆ ಎಲ್ಲಾ ಮುಗಿದ ಮೇಲೆ ಬಂದು, ಕಣ್ಣಾರೆ ಕಂಡವನ ಹಾಗೆ ನಡೆದದ್ದೆಲ್ಲ ಬಿಡಿಸಿ ಹೇಳುವ ಒಬ್ಬ ಮನುಷ್ಯ ಇರುತ್ತಾನಲ್ಲ, ಅವನೇ ಇವನು. ಎಷ್ಟೋ ಸಲ ಸರಿಯಾಗೇ ಹೇಳುತ್ತಾನೆ, ಅದಕ್ಕೇ ನಂಬುತ್ತೇವೆ. ಮೀಟಿಂಗಿನಲ್ಲಿ ಯಾರೋ ನಕ್ಕದ್ದಕ್ಕೆ ಕಾರಣ ಏನು ಅಂತ ಇವನಿಗೆ ಗೊತ್ತಿಲ್ಲ. ಆದರೂ ಕಾರಣ ಹೇಳಿಯೇ ತೀರುತ್ತಾನೆ, ನಿಮ್ಮ ವಿಷಯದಲ್ಲಿ ಆ ಕಾರಣ ಯಾವಾಗಲೂ ನೀವೇ.

ಈ ದನಿ ಹುಟ್ಟಿನಿಂದ ಬಂದದ್ದೂ ಅಲ್ಲ. ಮೂರು ನಾಲ್ಕು ವರ್ಷದ ಮಗು ಆಟ ಆಡುತ್ತಾ "ಇದು ಇಲ್ಲಿ, ಬೀಳಿಸಬೇಡ, ಹುಷಾರು" ಅಂತ ಗಟ್ಟಿಯಾಗಿ ತನಗೆ ತಾನೇ ಹೇಳಿಕೊಳ್ಳುತ್ತೆ. ಅಮ್ಮನೋ ಅಜ್ಜಿಯೋ ಹೇಳಿದ ಮಾತದು. ಅದೇ ಮಾತು ಬರಬರುತ್ತಾ ಒಳಗೆ ಇಳಿಯುತ್ತೆ ಅಂದವರು ರಷ್ಯಾದ ವೈಗೋಟ್ಸ್ಕಿ. ನಿಮ್ಮೊಳಗಿನ "ನಿನ್ನ ಕೈಲಿ ಆಗಲ್ಲ" ಯಾರ ದನಿಯಲ್ಲಿದೆ ಅಂತ ಒಂದು ಸಲ ಕಿವಿಗೊಟ್ಟು ಕೇಳಿ ನೋಡಿ, ಗುರುತು ಸಿಕ್ಕೀತು. ಇನ್ನೊಂದು ವಿಚಿತ್ರ. ಅಮೆರಿಕದ ರಸೆಲ್ ಹರ್ಲ್‌ಬರ್ಟ್ ಅನ್ನುವವರು ಜನರ ಕೈಗೆ ಬೀಪರ್ ಕೊಟ್ಟು, ಅದು ಸದ್ದು ಮಾಡಿದ ಕ್ಷಣ ತಲೆಯಲ್ಲಿ ಏನಿತ್ತು ಅಂತ ಬರೆಸಿಕೊಂಡರು. ಕೆಲವರ ತಲೆ ತುಂಬಾ ಮಾತು. ಕೆಲವರಲ್ಲಿ ಮಾತೇ ಇಲ್ಲ ಅನ್ನುವಷ್ಟು ಕಮ್ಮಿ, ಬರೀ ಚಿತ್ರ, ಇಲ್ಲಾ ಬರೀ ಅನ್ನಿಸಿಕೆ. ಅವರೂ ಆಫೀಸಿಗೆ ಹೋಗುತ್ತಾರೆ, ಮದುವೆ ಆಗುತ್ತಾರೆ, 'ನಾನು' ಅನ್ನುತ್ತಾರೆ.

ಮಾಡಬೇಕಾದ್ದು ಇಷ್ಟು. ಅದನ್ನು ಸುಮ್ಮನಿರು ಅಂತ ಗದರಬೇಡಿ, ಗದರುವುದೂ ಅದೇ ದನಿಯೇ. ಟೇಕಲ್ ಬಂದಾಗ ಕಿಟಕಿಯಾಚೆ ಬಂಡೆಗುಡ್ಡ ನೋಡಿ. ದನಿ ಮಾತಾಡಿಕೊಳ್ಳಲಿ, ಅದು ಹೇಳಿದ್ದಕ್ಕೆಲ್ಲ ಸಹಿ ಹಾಕಬೇಡಿ. ಒಂದು ಎಚ್ಚರ ಮಾತ್ರ ಇರಲಿ. ಆ ದನಿ ಹೊರಗಿನಿಂದ ಬೇರೆ ಯಾರೋ ಮಾತಾಡಿದ ಹಾಗೆ ಕೇಳಿಸಿದರೆ, ಇಲ್ಲಾ ನಿಮಗೆ ನೀವೇ ಏನಾದರೂ ಮಾಡಿಕೊಳ್ಳುವಂತೆ ಹೇಳಿದರೆ, ಅದು ಈ ಅಂಕಣದಲ್ಲಿ ಬಗೆಹರಿಯುವ ವಿಷಯ ಅಲ್ಲ. ತಡ ಮಾಡದೆ ವೈದ್ಯರನ್ನು ನೋಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಲಸದಲ್ಲಿ ಇಂಗ್ಲಿಷ್. ನನ್ನೊಳಗಿನ ನಿಜವಾದ 'ನಾನು' ಯಾವ ಭಾಷೆಯವನು?
– ಶ್ರೀನಿವಾಸಪುರ

ಉತ್ತರ: ನಿಮ್ಮೂರಿನ ಮಾವಿನ ಹಣ್ಣನ್ನು ಕಚ್ಚಿದಾಗ ಬರುವ ರುಚಿ ಯಾವ ಭಾಷೆಯದೋ ಆ ಭಾಷೆಯವನು. ದುಡ್ಡು ಎಣಿಸುವುದು ಒಂದರಲ್ಲಿ, ಬೈಯುವುದು ಇನ್ನೊಂದರಲ್ಲಿ ಅಂತ ಗಡಿ ಭಾಗದಲ್ಲಿ ಎಲ್ಲರಿಗೂ ಇರುವುದೇ. ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಸೀಮೆಹಸುಗೆ ಕನ್ನಡಿ ತೋರಿಸಿದರೆ ಗುಮ್ಮೋಕೆ ಬರುತ್ತೆ. ಹಾಗಾದರೆ ಅದಕ್ಕೆ ನಾನು ಅನ್ನೋದು ಇಲ್ಲವಾ?
– ಹಾಲು ಉತ್ಪಾದಕ, ಮುಳಬಾಗಿಲು

ಉತ್ತರ: ಕನ್ನಡಿ ಒಡೆಯದಿದ್ದರೆ ಸಾಕು. 1970ರಲ್ಲಿ ಗಾರ್ಡನ್ ಗ್ಯಾಲಪ್ ಚಿಂಪಾಂಜಿಗಳಿಗೆ ಹೀಗೇ ಪರೀಕ್ಷೆ ಮಾಡಿದರು. ಪ್ರಜ್ಞೆ ತಪ್ಪಿಸಿ ಹುಬ್ಬಿನ ಮೇಲೆ ಬಣ್ಣ ಹಚ್ಚಿ, ಎದ್ದ ಮೇಲೆ ಕನ್ನಡಿ ಕೊಟ್ಟರೆ ಅವು ತಮ್ಮ ಹುಬ್ಬನ್ನೇ ಮುಟ್ಟಿಕೊಂಡವು. ನಮ್ಮ ಮಕ್ಕಳಿಗೂ ಒಂದೂವರೆ ಎರಡು ವರ್ಷ ಆಗುವವರೆಗೆ ಇದು ಬರಲ್ಲ, ಹಾಗಂತ ಅವಕ್ಕೆ ನೋವು ಗೊತ್ತಿಲ್ಲ ಅನ್ನುತ್ತೀವಾ? ಕನ್ನಡಿ ತೋರಿಸುವುದು ಕಣ್ಣಿನ 'ನಾನು' ಒಂದನ್ನೇ. ನಾಯಿ ಕನ್ನಡಿಯಲ್ಲಿ ಫೇಲು, ಆದರೆ ತನ್ನ ವಾಸನೆ ಯಾವುದು ಬೇರೆಯದು ಯಾವುದು ಅಂತ ಬಿಡಿಸಬಲ್ಲದು. ನಿಮ್ಮ ಹಸುಗೆ ಅರಿವು ಇದೆ, ಅನುಮಾನ ಬೇಡ. 'ನಾನು ಇಂಥವಳು, ಪಕ್ಕದ ಮನೆ ಹಸುಗಿಂತ ಜಾಸ್ತಿ ಹಾಲು ಕೊಡುವವಳು' ಅನ್ನುವ ಕಥೆ ಮಾತ್ರ ಇರಲಾರದು. ಆ ಕಥೆ ನಿಮ್ಮದು.

ಪ್ರಶ್ನೆ: ನಮ್ಮ ತಂದೆ ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ ಇದ್ದವರು. ಈಗ ಮರೆವಿನ ಕಾಯಿಲೆ. ನಾನು ಯಾರು ಅಂತ ಗೊತ್ತಾಗಲ್ಲ. ಮಧ್ಯರಾತ್ರಿ ಎದ್ದು ಶಿಫ್ಟಿಗೆ ಹೊತ್ತಾಯಿತು ಅಂತ ಶರ್ಟು ಹುಡುಕುತ್ತಾರೆ. ಗಣಿ ಮುಚ್ಚಿ ಎಷ್ಟು ವರ್ಷ ಆಯಿತು ಅಪ್ಪಾ ಅಂದರೆ ರೇಗುತ್ತಾರೆ. ನೆನಪೇ ಇಲ್ಲ ಅಂದಮೇಲೆ ಇವರು ಇನ್ನೂ ನಮ್ಮ ಅಪ್ಪನೇನಾ? ಹೀಗೆ ಕೇಳುವುದಕ್ಕೂ ಸಂಕಟ ಆಗುತ್ತೆ.
– ಮಗಳು, ಕೆಜಿಎಫ್

ಉತ್ತರ: ಅಮ್ಮಾ, ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಇದೇ ಪ್ರಶ್ನೆಯನ್ನು ಮುನ್ನೂರು ವರ್ಷದಿಂದ ಕೇಳುತ್ತಾ ಬಂದಿದ್ದಾರೆ. ನಿನ್ನೆಯದನ್ನು ತನ್ನದು ಅಂತ ನೆನೆಯಬಲ್ಲವನೇ ನಿನ್ನೆಯ ಮನುಷ್ಯ ಅಂದ ಇಂಗ್ಲೆಂಡಿನ ಜಾನ್ ಲಾಕ್. ಅವನ ಲೆಕ್ಕ ಹಿಡಿದರೆ ನಿಮ್ಮ ಅಪ್ಪ ಹೋಗಿಬಿಟ್ಟರು ಅನ್ನಬೇಕಾಗುತ್ತೆ. ಆ ಲೆಕ್ಕ ತಪ್ಪು ಅನ್ನುವುದು ನನ್ನ ಅಭಿಪ್ರಾಯ, ಅದಕ್ಕೆ ಕಾರಣವೂ ಇದೆ.

ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಅಂತ ಒಬ್ಬರಿದ್ದರು. 1953ರಲ್ಲಿ, 27ನೇ ವಯಸ್ಸಿನಲ್ಲಿ, ಮೂರ್ಛೆರೋಗಕ್ಕೆ ಅಂತ ಮಿದುಳಿನ ಆಪರೇಷನ್ ಆಗಿ ಹೊಸ ನೆನಪು ನಿಲ್ಲುವುದೇ ಹೋಯಿತು. ದಿನಾ ಬರುವ ಡಾಕ್ಟರು ದಿನಾ ಹೊಸಬರು. ಅವರಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಚೆನ್ನಾಗಿ ತಿದ್ದುತ್ತಾ ಬಂದರು, ಆದರೆ ಪ್ರತಿಸಲವೂ ಇದನ್ನು ಇವತ್ತೇ ನೋಡುತ್ತಿರುವುದು ಅನ್ನುತ್ತಿದ್ದರು. ಕೈ ಕಲಿತಿತ್ತು, ಕಲಿತದ್ದು ಅವರಿಗೆ ಗೊತ್ತಿರಲಿಲ್ಲ. 2008ರಲ್ಲಿ ತೀರಿಕೊಳ್ಳುವವರೆಗೂ ಅವರ ಮೃದು ಸ್ವಭಾವ, ತಮಾಷೆ ಹಾಗೇ ಇತ್ತು ಅಂತ ಜೊತೆಗಿದ್ದವರು ಬರೆದಿದ್ದಾರೆ.

ಇನ್ನೊಂದು ನಿಮಗೆ ನೇರವಾಗಿ ಬೇಕಾದದ್ದು. ನೆನಪು ನಿಲ್ಲದವರಿಗೆ ದುಃಖದ ಸಿನಿಮಾ ತುಣುಕು ತೋರಿಸಿ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ಸಿನಿಮಾ ನೋಡಿದ್ದು ಮರೆತಿತ್ತು, ದುಃಖ ಮಾತ್ರ ಇನ್ನೂ ಹೋಗಿರಲಿಲ್ಲ. 2010ರಲ್ಲಿ ಅಮೆರಿಕದ ಅಯೋವಾದಲ್ಲಿ ನಡೆದದ್ದು. ಆಮೇಲೆ ಆಲ್ಝೈಮರ್ಸ್ ಇರುವವರಲ್ಲೂ ಹೀಗೇ ಕಂಡಿದೆ. ಅಂದರೆ ನೀವು ಬೆಳಗ್ಗೆ ರೇಗಿದ್ದು ಅಪ್ಪನಿಗೆ ಮರೆತು ಹೋಗುತ್ತೆ, ರೇಗಿಸಿಕೊಂಡ ಬೇಜಾರು ಉಳಿಯುತ್ತೆ. ನೀವು ಪಕ್ಕ ಕೂತು ಕಾಫಿ ಕುಡಿಸಿದ್ದು ಮರೆಯುತ್ತೆ, ಕೂತ ಹಿತ ಉಳಿಯುತ್ತೆ.

ಹಾಗಾಗಿ "ನಾನ್ಯಾರು ಹೇಳು ನೋಡೋಣ" ಅಂತ ಪರೀಕ್ಷೆ ಮಾಡುವುದು ಇವತ್ತಿಗೇ ಬಿಡಿ. ಮನೆಗೆ ಬಂದ ನೆಂಟರಿಗೂ ಹೇಳಿ, ಅವರಿಗಂತೂ ಮೊದಲು ಹೇಳಿ. ರಾತ್ರಿ ಎದ್ದಾಗ ಗಣಿ 2001ರಲ್ಲೇ ಮುಚ್ಚಿತು ಅಂತ ವಾದಕ್ಕೆ ಇಳಿಯಬೇಡಿ. ಯಾವ ಶಿಫ್ಟು, ಜೊತೆಗೆ ಯಾರಿದ್ದಾರೆ, ಕೆಳಗೆ ಸೆಕೆ ಎಷ್ಟಿರುತ್ತೆ ಅಂತ ಕೇಳಿ. ಮೂರು ಕಿಲೋಮೀಟರಿಗೂ ಜಾಸ್ತಿ ಆಳದ ಗಣಿ ಅದು. ಹೇಳುವುದಕ್ಕೆ ಬೇಕಾದಷ್ಟು ಇರುತ್ತೆ. ತನ್ನ ಬಗ್ಗೆ ಹೇಳಿಕೊಳ್ಳುವ ಕಥೆಯ ಮೇಲಿನ ಪದರ ಅವರಲ್ಲಿ ಕಳಚಿದೆ. ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಬೇಕು ಅನ್ನುವ ಮನುಷ್ಯ ಇನ್ನೂ ಅಲ್ಲಿ ಶರ್ಟು ಹುಡುಕುತ್ತಿದ್ದಾರೆ, ಅವರನ್ನು ಅಪ್ಪ ಅನ್ನದೆ ಇನ್ನೇನನ್ನುತ್ತೀರಿ? ಬಾಗಿಲ ಚಿಲಕ ಮಾತ್ರ ಅವರ ಕೈಗೆ ಎಟುಕದ ಹಾಗೆ ಮೇಲೆ ಹಾಕಿಸಿ. ನಿಮಗೂ ವಾರದಲ್ಲಿ ಒಂದೆರಡು ರಾತ್ರಿ ಪೂರ್ತಿ ನಿದ್ದೆ ಸಿಗುವ ಹಾಗೆ ಅಣ್ಣ ತಮ್ಮಂದಿರು ಇದ್ದರೆ ಕೇಳಿ, ಸಂಕೋಚ ಬೇಡ.

ಪ್ರಶ್ನೆ: ಮೊಬೈಲಿನಲ್ಲಿ ಎಐ ಜೊತೆ ಮಾತಾಡಿದರೆ "ನನಗೆ ಹಾಗನ್ನಿಸುತ್ತದೆ", "ನಾನು ಯೋಚಿಸಿದೆ" ಅನ್ನುತ್ತೆ. ಡೆಕಾರ್ಟ್ ಪ್ರಕಾರ ಅದೂ ಇದೆ ಅಂತಾಯಿತಲ್ಲ?
– ಪಿಯುಸಿ ವಿದ್ಯಾರ್ಥಿನಿ, ಗೌರಿಬಿದನೂರು

ಉತ್ತರ: ಇಲ್ಲ ಮಗಳೇ. ಡೆಕಾರ್ಟ್ ಮಾತು ನಡೆಯುವುದು ತನಗೆ ತಾನು ಹೇಳಿಕೊಂಡಾಗ ಮಾತ್ರ. ಅವನು ಇದ್ದಾನೆ ಅಂತ ಪಕ್ಕದ ಮನೆಯವನಿಗೆ ಅದರಿಂದ ಏನೂ ಸಾಬೀತಾಗಲ್ಲ. ಮನುಷ್ಯರು ಬರೆದ ರಾಶಿ ರಾಶಿ ಬರಹ ಓದಿಸಿ, ಮುಂದೆ ಯಾವ ಪದ ಬರುತ್ತೆ ಅಂತ ಊಹಿಸಲು ಕಲಿಸಿದ ಯಂತ್ರ ಅದು. ನಾವೆಲ್ಲ ಸಾಲಿಗೊಂದು 'ನಾನು' ಬರೆದಿದ್ದೇವೆ, ಅದೂ ಬರೆಯುತ್ತೆ. ಶಿಡ್ಲಘಟ್ಟದ ಆ ತಾಯಿಯ ಹತ್ತಿರ ಮಾತಿಲ್ಲದ ಅರಿವು ಇತ್ತು. ಈ ಯಂತ್ರದಲ್ಲಿ ನಮಗೆ ಕಾಣುವುದು ಮಾತು ಒಂದೇ. ಮಾತಿನ ಹಿಂದೆ ಏನಾದರೂ ಅನ್ನಿಸುತ್ತಿದೆಯಾ ಅಂತ ಮಾತು ಕೇಳಿ ಹೇಳಲು ಬರಲ್ಲ. ಮಿದುಳಿನ ಇಷ್ಟು ಕೆಲಸದ ಜೊತೆಗೆ 'ಅನ್ನಿಸುವುದು' ಅಂತ ಒಂದು ಯಾಕೆ ಇದೆ ಅನ್ನುವುದನ್ನೇ ತತ್ವಜ್ಞಾನಿ ಡೇವಿಡ್ ಚಾಮರ್ಸ್ 1995ರಲ್ಲಿ ಕಷ್ಟದ ಪ್ರಶ್ನೆ ಅಂತ ಕರೆದರು. ನಮ್ಮ ವಿಷಯದಲ್ಲೇ ಅದು ಇನ್ನೂ ಬಗೆಹರಿದಿಲ್ಲ. ಯಂತ್ರದ ಬಗ್ಗೆ ತಿಳಿದವರಲ್ಲೇ ಒಮ್ಮತ ಇಲ್ಲ. ನನ್ನನ್ನು ಕೇಳಿದರೆ, ಮುಳಬಾಗಿಲ ಹಸುವಿನ ಮೇಲೆ ಬಾಜಿ ಕಟ್ಟುತ್ತೇನೆ, ಮೊಬೈಲಿನ ಮೇಲೆ ಸದ್ಯಕ್ಕೆ ಕಟ್ಟಲ್ಲ. ಇನ್ನು ನಿಮ್ಮ ಪತ್ರದ ಕೊನೆಯಲ್ಲಿ ಕೇಳಿದ್ದೀರಲ್ಲ, ಲಾಜಿಕ್ ಅಸೈನ್‌ಮೆಂಟನ್ನು ಅದರ ಕೈಲಿ ಬರೆಸಬಹುದಾ ಅಂತ, ಅದನ್ನು ನಿಮ್ಮ ಲೆಕ್ಚರರನ್ನೇ ಕೇಳಿ.